ಆಸಾಡಿಯಲ್ಲಿ ಹನ್ನೊಂದು ಮದುವೆ

ಪೆನ್ನು ಬಿದ್ದು ಹತ್ತು ನಿಮಿಷವಾಗಿತ್ತು. ಮೇಜಿನ ಅಂಚಿನಿಂದ ಉರುಳಿದ್ದು ರಾಜೀವ ಹೆಗ್ಡೆಯ ಚಪ್ಪಲಿಗೆ ತಾಗಿ, ಅಲ್ಲಿಂದ ಇನ್ನೂ ಒಂದು ಗೇಣು ಮುಂದೆ ಹೋಗಿ ಕಪಾಟಿನ ಕಾಲಿನ ಹತ್ತಿರ ನಿಂತಿತ್ತು. ಬಗ್ಗಿದರೆ ಕೈಗೆ ಸಿಗುವಷ್ಟು ದೂರ. ಹನ್ನೆರಡು ದಿನದ ಹಿಂದೆ ಆಗಿದ್ದರೆ ತಾನು ಬಗ್ಗಿದ್ದು ಅವನಿಗೇ ಗೊತ್ತಾಗದೆ ಪೆನ್ನು ಮತ್ತೆ ಬೆರಳ ಸಂದಿಯಲ್ಲಿ ಇರುತ್ತಿತ್ತು. ಈಗ ಬಗ್ಗುವುದಕ್ಕೊಂದು ಕ್ರಮ ಹುಟ್ಟಿಕೊಂಡಿತ್ತು. ಮೊದಲು ಎಡಗೈಯನ್ನು ಮೇಜಿನ ಮೇಲೆ ಊರಬೇಕು, ಆಮೇಲೆ ಮೊಣಕಾಲು ಮಡಿಸಬೇಕು, ಇದೆಲ್ಲ ನಡೆಯುತ್ತಿದೆ ಎಂದು ಸೊಂಟಕ್ಕೆ ಮಾತ್ರ ತಿಳಿಯಬಾರದು. ನಿದ್ದೆ ಹತ್ತಿದ ಮಗುವಿನ ಪಕ್ಕದಿಂದ ಏಳುವ ಹಾಗೆ ಅದರ ಪಕ್ಕದಿಂದ ಜಾರಿಕೊಳ್ಳಬೇಕು. ಅವನು ಪೆನ್ನನ್ನು ಕಾಲಿನಿಂದ ಎಳೆದುಕೊಳ್ಳಲು ನೋಡಿದ. ಹೆಬ್ಬೆರಳು ತಾಗಿ ಅದು ಕಪಾಟಿನ ಅಡಿಗೇ ಸೇರಿತು. ಎದುರಿನ ಕಂಪ್ಯೂಟರಿನ ಹಿಂದಿನಿಂದ ಗುಮಾಸ್ತ ಅಜಿತ್ ತಲೆಯೆತ್ತಿ, "ತೆಗ್ದ್ ಕೊಡ್ಲಾ ಹೆಗ್ಡೇರೆ?" ಎಂದ. "ಬ್ಯಾಡ, ಅದ್ರ ಶಾಯಿ ಮುಗ್ದಿತ್ತ್" ಎಂದ ರಾಜೀವ. ಬೆಳಿಗ್ಗೆ ತಾನೇ ಅದರಲ್ಲಿ ಮೂರು ಕಡೆ ಸಹಿ ಹಾಕಿದ್ದನ್ನು ಅಜಿತ್ ನೋಡಿದ್ದ. ಅವನು ಮತ್ತೆ ಕಂಪ್ಯೂಟರಿಗೆ ಮುಖ ಕೊಟ್ಟ. ಹಾಗೆ ತಿರುಗಿದ್ದರಲ್ಲಿ ಒಂದು ಸಣ್ಣ ನಗೆ ಇತ್ತೋ ಇಲ್ಲವೋ ಎಂದು ಯೋಚಿಸುತ್ತ ರಾಜೀವ ಇನ್ನೈದು ನಿಮಿಷ ಕಳೆದ.

ಮೂರು ಗಂಟೆಗೆ ಸ್ನೇಹಲತಾ ಬರುವವಳಿದ್ದಳು. ಮುಂಬಯಿಯಲ್ಲಿ ನಾಲ್ಕು ಹೋಟೆಲು ಮಾಡಿ, ಊರಿನ ಮೇಲಿನ ಪ್ರೀತಿಗೋ ಗೇರುಬೀಜದ ಮೇಲಿನ ಪ್ರೀತಿಗೋ ತೆಕ್ಕಟ್ಟೆಯಲ್ಲಿ ಇದೊಂದು, ಬೈಂದೂರಿನಲ್ಲೊಂದು, ಬ್ರಹ್ಮಾವರದ ಆಚೆಗೊಂದು ಬೀಜದ ಫ್ಯಾಕ್ಟರಿ ಹಾಕಿದ ಧಣಿಗಳ ಮಗಳು. ಕಳೆದ ವರ್ಷದಿಂದ ಮೂರನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಮಾಘ ಮಾಸದ ಒಂದು ಬೆಳಿಗ್ಗೆ ಇದೇ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, "ನೋವೂ ಒಂದ್ ಖರ್ಚೇ ರಾಜೀವಣ್ಣ. ನಾವ್ ಅದನ್ನ ಬರ್ಕಂತಿಲ್ಲೆ ಅಷ್ಟೆ" ಎಂದಿದ್ದಳು. ಬೆನ್ನು ನೋವು, ಹೆಗಲು ನೋವು, ಮೊಣಕಾಲು ನೋವು ಎಂದು ಹೆಂಗಸರು ಹಾಕುವ ರಜೆ, ರಜೆ ಹಾಕದೆ ಬಂದರೂ ನಿಧಾನವಾಗುವ ಕೈ, ಕೈ ನಿಧಾನವಾದದ್ದಕ್ಕೆ ತಡವಾಗುವ ಲೋಡು, ಎಲ್ಲವನ್ನೂ ಕೂಡಿಸಿ ಅವಳು ಒಂದು ಮೊತ್ತ ತೋರಿಸಿದ್ದಳು. ಮದ್ದನ್ನು ಕೆಲಸದ ಜಾಗಕ್ಕೇ ತಂದರೆ ಆ ಮೊತ್ತ ಇಳಿಯುತ್ತದೆ ಎಂಬುದು ಅವಳ ಮಾತು. ರಾಜೀವನಿಗೆ ಆ ಮಾತು ಹಿಡಿಸಿತ್ತು. ಇಪ್ಪತ್ತೆರಡು ವರ್ಷದಿಂದ ಮ್ಯಾನೇಜರನಾಗಿ ಅವನು ಕೇಳಿಸಿಕೊಂಡ ನರಳಾಟಕ್ಕೆಲ್ಲ ಈಗ ಒಂದು ಹೆಸರು ಸಿಕ್ಕಿತು, ಮತ್ತು ಅದಕ್ಕೆ ತಾನು ಏನಾದರೂ ಮಾಡಬಹುದು. ಅವನು ಉತ್ಸಾಹದಿಂದ ಗೋಣಿಚೀಲದ ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಒಂದು ಎತ್ತರದ ಮಂಚ ತರಿಸಿ, ಬಾಗಿಲ ಮೇಲೆ 'ಆರಾಮ ಕೋಣೆ' ಎಂದು ಬರೆಸಿದ. ಹೆಂಗಸರು ಮೊದಲ ದಿನದಿಂದಲೂ ಅದನ್ನು ನೋವಿನ ಕೋಣೆ ಎಂದೇ ಕರೆದರು. ಬ್ರಹ್ಮಾವರದಿಂದ ದಿವ್ಯಾ ಎಂಬ ಫಿಸಿಯೋಥೆರಪಿ ಕಲಿತ ಹುಡುಗಿ ಮಂಗಳವಾರ, ಗುರುವಾರ, ಶನಿವಾರ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರತೊಡಗಿದಳು. ಇವತ್ತು ಗುರುವಾರ. ಸ್ನೇಹಲತಾಳಿಗೆ ವರದಿ ಒಪ್ಪಿಗೆಯಾದರೆ ಒಂದನೇ ತಾರೀಕಿನಿಂದ ಉಳಿದ ಎರಡು ಫ್ಯಾಕ್ಟರಿಗಳಿಗೂ ಇದೇ ವ್ಯವಸ್ಥೆ, ಮೂರಕ್ಕೂ ರಾಜೀವನೇ ಮುಖ್ಯಸ್ಥ. ಒಪ್ಪಿಗೆಯಾಗದಿದ್ದರೆ ಕೋಣೆಗೆ ಮತ್ತೆ ಗೋಣಿಚೀಲ, ದಿವ್ಯಾ ಮನೆಗೆ. ವರದಿ ಒಪ್ಪಿಗೆಯಾಗುವ ಹಾಗೆಯೇ ಇತ್ತು. ಅವನನ್ನು ಬೆಳಿಗ್ಗೆಯಿಂದ ಕುರ್ಚಿಯ ಮೇಲೆ ಹೊರಳಾಡಿಸುತ್ತಿದ್ದದ್ದು ಅದೇ. ಸೊಂಟವೂ ಹೌದು, ಆದರೆ ಸೊಂಟವನ್ನು ದೂರಬಹುದು.

ಕೋಣೆಯ ಗೋಡೆಯ ಮೇಲೊಂದು ಪಟ ಇತ್ತು. ಸೊನ್ನೆಯಿಂದ ಹತ್ತರ ತನಕ ಅಂಕಿ, ಸೊನ್ನೆಯ ಕೆಳಗೆ ನಗುವ ಮುಖ, ಹತ್ತರ ಕೆಳಗೆ ಅಳುವ ಮುಖ. ನಡುವಿನ ಮುಖಗಳು ಬಸ್ಸಿಗೆ ಕಾಯುವವರ ಹಾಗಿದ್ದವು. ನೋವು ಎಷ್ಟು ಎಂದು ಪ್ರತಿ ವಾರ ಹೇಳಬೇಕು, ದಿವ್ಯಾ ಬರೆದುಕೊಳ್ಳಬೇಕು. ಮೊದಲ ವಾರ ಬೀಜದ ಸಿಪ್ಪೆ ಸುಲಿಯುವ ಪೀಲಿಂಗಿನ ರತ್ನ, "ಕಾಲಿಗೊಂದ್ ಕೈಗೊಂದ್ ಬೇರೆ ಬೇರೆ ಹೇಳುದಾ, ಒಟ್ಟಿಗೆ ಕೂಡ್ಸಿ ಹೇಳುದಾ?" ಎಂದು ಕೇಳಿ ನಗಿಸಿದ್ದಳು. ಆ ವಾರ ತೊಂಬತ್ತು ಹೆಂಗಸರ ಸರಾಸರಿ ಆರೂವರೆ. ಎಲ್ಲರಿಗಿಂತ ಮೇಲೆ ಹೇಳಿದವಳು ಕಟ್ಟಿಂಗಿನ ಸುಗುಣ. ಗಂಡ ಚಂದಯ್ಯ ಗಂಗೊಳ್ಳಿಯಲ್ಲಿ ಬೋಟಿಗೆ ಹೋಗುವವನು, ಅವಳು ಫ್ಯಾಕ್ಟರಿಗೆ ರಾಜೀವ ಸೇರಿದ ವರ್ಷವೇ ಸೇರಿದವಳು. "ಎಂಟ್. ಮಳಿ ಬಂದ್ರೆ ಒಂಬತ್ತ್" ಎಂದಿದ್ದಳು, ಬಲದ ಹೆಗಲನ್ನು ಮುಟ್ಟಿ. ಕಟ್ಟಿಂಗಿನ ಯಂತ್ರಕ್ಕೆ ಎಡಗೈಯಲ್ಲಿ ಬೀಜ ಇಟ್ಟು, ಬಲಗೈಯಲ್ಲಿ ಹಿಡಿ ಎಳೆದು, ಕಾಲಲ್ಲಿ ಮೆಟ್ಟು ಒತ್ತಿದರೆ ಓಡು ಬಿಡುತ್ತದೆ, ಒಳಗಿನ ಬೀಜ ಒಡೆಯದೆ ಬರುತ್ತದೆ. ದಿನಕ್ಕೆ ಎಷ್ಟು ಸಲ ಎಂದು ದಿವ್ಯಾ ಒಮ್ಮೆ ಅವಳ ಪಕ್ಕ ಕೂತು ಎಣಿಸಲು ಹೋಗಿ ಒಂದು ಗಂಟೆಯೊಳಗೆ ಎಣಿಕೆ ತಪ್ಪಿಸಿಕೊಂಡು ಎದ್ದಿದ್ದಳು. ರಾಜೀವನಿಗೆ ಅದನ್ನು ಕೇಳಿ ಮರುಕ ಹುಟ್ಟಿತು. ಆ ಮರುಕದಲ್ಲೇ ಅವನು ನಿಯಮ ಬರೆದ: ಆರಕ್ಕಿಂತ ಹೆಚ್ಚು ಹೇಳಿದವರಿಗೆ ಹಗುರ ಕೆಲಸ ಕೊಡತಕ್ಕದ್ದು. 'ಕೊಡತಕ್ಕದ್ದು' ಎಂದು ಬರೆಯುವಾಗ ಅವನಿಗೆ ತನ್ನ ಬಗ್ಗೆಯೇ ಸ್ವಲ್ಪ ಗೌರವ ಉಂಟಾಗಿತ್ತು. ಮರುದಿನವೇ ಸುಗುಣ ಗ್ರೇಡಿಂಗಿಗೆ ಹೋದಳು. ಅಲ್ಲಿ ಇಡೀ ಬೀಜ ಒಂದು ಕಡೆ, ತುಂಡು ಒಂದು ಕಡೆ ಹೆಕ್ಕಿ ಹಾಕುವುದು, ಹಿಂದಿನ ತಿಂಗಳು ಸೇರಿದ ಹುಡುಗಿಯರ ಸಾಲಿನಲ್ಲಿ ಕೂತು. ಕಟ್ಟಿಂಗಿಗೆ ಕಿಲೋ ಲೆಕ್ಕದ ಕೂಲಿ, ಗ್ರೇಡಿಂಗಿಗೆ ದಿನದ ಕೂಲಿ. ಸುಗುಣಳಂಥವಳ ಕೈಗೆ ಅದು ಮೂರರಲ್ಲಿ ಒಂದು ಪಾಲು ಕಡಿಮೆ. ಹದಿನೈದನೆಯ ದಿನ ಅವಳು ಇದೇ ಬಾಗಿಲಲ್ಲಿ ಬಂದು ನಿಂತಿದ್ದಳು.

"ಹೆಗ್ಡೇರೆ, ನಾ ಎಂತ ತಪ್ಪ್ ಮಾಡ್ದೆ?"

"ತಪ್ಪೆಂತದೂ ಇಲ್ಲೆ ಸುಗುಣ. ನಿನ್ ಕೈಗೆ ಆರಾಮ ಆಯ್ಲಿ ಅಂದ್ಹೇಳಿ."

"ಕೈಗೆ ಆರಾಮ ಆಯ್ತ್" ಎಂದಳು ಸುಗುಣ. "ಹೊಟ್ಟಿಗೆ?"

ಅವನು ಏನೋ ಉತ್ತರ ಕೊಟ್ಟಿದ್ದ. ಏನು ಕೊಟ್ಟೆ ಎಂದು ಈಗ ನೆನಪು ಮಾಡಿಕೊಳ್ಳಲು ನೋಡಿದರೆ ಬಾಗಿಲಲ್ಲಿ ಅವಳು ನಿಂತ ರೀತಿ ಮಾತ್ರ ಬರುತ್ತಿತ್ತು. ಒಳಗೆ ಬಾ ಎನ್ನಲಿಲ್ಲ ಎಂಬುದು ಬರುತ್ತಿತ್ತು. ಮುಂದಿನ ಮಂಗಳವಾರ ಸುಗುಣ ದಿವ್ಯಾಳ ಎದುರು ಕೂತು ಪಟವನ್ನು ನೋಡಿ, "ಒಂದ್" ಎಂದಳು. ಬುಧವಾರ ಕಟ್ಟಿಂಗಿಗೆ ಮರಳಿದಳು. ಆ ಶನಿವಾರ ತೊಂಬತ್ತು ಹೆಂಗಸರೂ ಒಂದು, ಎರಡು, ಧೈರ್ಯವಂತರು ಮೂರು. ದಿವ್ಯಾ ಅವನ ಮೇಜಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಸರ್, ಮುಟ್ಟಿದ್ರೆ ಬೆಚ್ಚಿ ಬೀಳ್ತಾರೆ, ಬಾಯಲ್ಲಿ ಎರಡು ಅಂತಾರೆ. ಇದು ಸರಿ ಇಲ್ಲ" ಎಂದಳು. "ಗುಣ ಆಗಿರ್ಬಹುದಲ್ಲ. ನಿಮ್ಮ ಕೆಲಸದ ಮೇಲೆ ನಿಮಗೇ ವಿಶ್ವಾಸ ಇಲ್ಲದಿದ್ರೆ ಹೇಗೆ?" ಎಂದಿದ್ದ ಅವನು, ನಗುತ್ತ. ದಿವ್ಯಾ ಮತ್ತೆ ಆ ಮಾತು ಎತ್ತಲಿಲ್ಲ. ಅವಳದ್ದು ತಾತ್ಕಾಲಿಕ ನೇಮಕ, ಅದನ್ನು ಅವನು ನೆನಪಿಸಲೂ ಬೇಕಾಗಿರಲಿಲ್ಲ.

ವರದಿಯ ನಾಲ್ಕನೆಯ ಪುಟದಲ್ಲಿ ರಜೆಯ ಪಟ್ಟಿ. ನೋವಿನ ರಜೆ ತಿಂಗಳಿಗೆ ನಲವತ್ತಾರು ದಿನದಿಂದ ನಾಲ್ಕಕ್ಕೆ ಇಳಿದಿತ್ತು. ಇಳಿಯದೆ ಏನು ಮಾಡೀತು, ನೋವು ಎಂದು ಬರೆದು ರಜೆ ಹಾಕಿದವಳಿಗೆ ಎಷ್ಟು ಎಂಬ ಪ್ರಶ್ನೆ ಬರುತ್ತದೆ, ಎಷ್ಟು ಎಂದು ಹೇಳಿದರೆ ಗ್ರೇಡಿಂಗ್ ಬರುತ್ತದೆ. ಹೆಂಗಸರು ಬೇರೆ ಕಾರಣ ಹುಡುಕಿಕೊಂಡರು. ಜ್ವರ ಎಂದರೆ ಯಾರಾದರೂ ಹಣೆ ಮುಟ್ಟಿ ನೋಡಿಯಾರು. ಮದುವೆ ಎಂದರೆ ಯಾರೂ ತಡೆಯುವುದಿಲ್ಲ, ಮದುವೆಗೆ ಹೋಗಬೇಡ ಎನ್ನುವ ಮ್ಯಾನೇಜರು ಈ ಕರಾವಳಿಯಲ್ಲಿ ಹುಟ್ಟಿಲ್ಲ. ಹೀಗಾಗಿ ಒಬ್ಬಳನ್ನು ನೋಡಿ ಇನ್ನೊಬ್ಬಳು, ಆಸಾಡಿ ತಿಂಗಳೊಂದರಲ್ಲೇ ಹನ್ನೊಂದು ಮದುವೆ. ಆಸಾಡಿಯಲ್ಲಿ ಇಲ್ಲಿ ಹೆಣ್ಣು ನೋಡುವ ಮಾತೆತ್ತಿದರೂ ಹಿರಿಯರು ಕೆಮ್ಮುತ್ತಾರೆ; ಕಲ್ಯಾಣಮಂಟಪಗಳಲ್ಲಿ ನಾಯಿ ಮಲಗಿರುತ್ತದೆ; ಅಡಿಗೆಯ ಭಟ್ಟರು ನೆಂಟರ ಮನೆಗೆ ಹೋಗಿರುತ್ತಾರೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ತಿಂಗಳನ್ನೇ ಮರೆತು ಹೇಳಿದ ಸುಳ್ಳು ಅದು. "ಯಾರ್ ಮದಿ?" ಎಂದು ಅವನು ರತ್ನಳನ್ನು ಕೇಳಿದ್ದ, ಸಹಿ ಹಾಕುವ ಮೊದಲು. "ನಮ್ ಚಿಕ್ಕಮ್ಮನ ಮಗಳದ್." "ಈಗಾ?" ರತ್ನಳಿಗೆ ಆಗ ಹೊಳೆಯಿತು. ಕ್ಷಣ ಹೊತ್ತು ಅವನ ಮುಖ ನೋಡಿ, "ಹುಡ್ಗಂಗೆ ಅರ್ಜೆಂಟ್ ಗಡ" ಎಂದಳು. ಅವನು ಸಹಿ ಹಾಕಿದ. ಹನ್ನೊಂದಕ್ಕೂ ಹಾಕಿದ. ವರದಿ ಮಾಡುವಾಗ ಅಜಿತ್, "ಕಾರಣದ್ ಕಾಲಂ ತೆಗ್ದದ್ದಾ?" ಎಂದಾಗ, "ಪುಟದಂಗೆ ಹಿಡಿತಿಲ್ಲೆ" ಎಂದ. ಪುಟದಲ್ಲಿ ಇನ್ನೆರಡು ಕಾಲಂ ಹಿಡಿಯುವಷ್ಟು ಬಿಳಿ ಇತ್ತು.

ಮುಖಪುಟಕ್ಕೆ ಒಂದು ಫೋಟೋ ಬೇಕೆಂದು ಸ್ನೇಹಲತಾ ಹೇಳಿದ್ದಳು. ಅಂಗಳದಲ್ಲಿ ನಲವತ್ತು ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ದಿವ್ಯಾಳ ಹಾಗೆ ಕೈ ಮೇಲೆತ್ತಿಸಿ ತೆಗೆದದ್ದು. ಎಂಬತ್ತು ಕೈಗಳಲ್ಲಿ ಎಪ್ಪತ್ತೊಂಬತ್ತು ಆಕಾಶ ನೋಡುತ್ತಿದ್ದವು. ಬಲದ ತುದಿಯಲ್ಲಿ ಸುಗುಣಳ ಬಲಗೈ ಮಾತ್ರ ಹೆಗಲಿನ ಮಟ್ಟಕ್ಕೆ ಬಂದು ನಿಂತಿತ್ತು, ತರಗತಿಯಲ್ಲಿ ಪ್ರಶ್ನೆ ಕೇಳಲೋ ಬೇಡವೋ ಎಂದು ಅನುಮಾನಿಸುವ ಕೈಯ ಹಾಗೆ. "ಈ ಬದಿ ಸ್ವಲ್ಪ ಕತ್ತರ್ಸ್" ಎಂದಿದ್ದ ಅವನು ಅಜಿತನಿಗೆ. ಸುಗುಣಳ ಜತೆ ಇನ್ನಿಬ್ಬರು ಹೋದರು, ಅರ್ಧ ತೆಂಗಿನ ಮರ ಹೋಯಿತು. ಒಳಪುಟಕ್ಕೆ ಮಂಚದ ಫೋಟೋ. ಮೂಲೆಯ ಕತ್ತಲಲ್ಲಿ ಅದು ಶವಾಗಾರದ ಮಂಚದ ಹಾಗೆ ಕಂಡಿತೆಂದು ಅವನೊಬ್ಬನೇ ಅದನ್ನು ಕಿಟಕಿಯ ಹತ್ತಿರಕ್ಕೆ ಎತ್ತಿ ಸರಿಸಲು ಹೋದ. ಸೊಂಟದಲ್ಲಿ ಹಳೆಯ ಬಾಗಿಲ ಅಗುಳಿ ಬಿದ್ದಂಥ ಸದ್ದು. ಫೋಟೋ ಚೆನ್ನಾಗಿ ಬಂತು. ನೋವು ಕಳೆಯುವ ಕೋಣೆಯ ಮಂಚ ಎತ್ತಿ ಸೊಂಟ ಉಳುಕಿಸಿಕೊಂಡೆ ಎಂದು ಯಾರಿಗೆ ಹೇಳುವುದು? ದಿವ್ಯಾಳಿಗೆ ಹೇಳಿದರೆ ಅವಳು ಪಟ ತೋರಿಸಿ ಎಷ್ಟು ಎನ್ನುತ್ತಾಳೆ. ಹೆಂಡತಿ ಅನಿಷಾ ಒಂದು ರಾತ್ರಿ ಅವನು ಮಂಚ ಬಿಟ್ಟು ಚಾಪೆ ಹಾಸಿಕೊಂಡದ್ದನ್ನು ನೋಡಿ, "ಸೊಂಟ ಹಿಡ್ದಿತ್ತಾ?" ಎಂದಳು. "ಸೆಕೆ" ಎಂದ. ಹೊರಗೆ ಸೋಣೆ ತಿಂಗಳ ಮಳೆ ಸುರಿಯುತ್ತಿತ್ತು. ಅವಳು ತಾನು ಹೊದ್ದಿದ್ದ ಹೊದಿಕೆಯನ್ನು ಇನ್ನಷ್ಟು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

ಒಂದು ಗಂಟೆಗೆ ಊಟದ ಗಂಟೆ ಹೊಡೆಯಿತು. ಕಚೇರಿಯ ಪಾಯಿಖಾನೆಯ ಮೇಲಿನ ಕಿಟಕಿಯಿಂದ ಬಾಯ್ಲರ್ ಕೊಟ್ಟಿಗೆಯ ಹಿಂದಿನ ಜಾಗ ಕಾಣುತ್ತದೆ. ಎರಡು ತಿಂಗಳಿನಿಂದ ರಾಜೀವ ಈ ಹೊತ್ತಿಗೆ ಅಲ್ಲಿಗೆ ಹೋಗುವುದು ಅಭ್ಯಾಸವಾಗಿತ್ತು, ಮೊದಮೊದಲು ಅಕಸ್ಮಾತ್ತಾಗಿ. ಕೊಟ್ಟಿಗೆಯ ಹಿಂದೆ ಖಾಲಿ ಗೋಣಿಗಳ ಮೇಲೆ ಒಬ್ಬಳು ಬೋರಲು ಮಲಗಿರುತ್ತಾಳೆ. ಸುಗುಣ ಎಡಗೈಯಲ್ಲಿ ಗೋಡೆ ಹಿಡಿದು, ತೊಳೆದ ಬಲಗಾಲನ್ನು ಅವಳ ಬೆನ್ನಿಗೆ ಮೂರು ಸಲ ತಾಗಿಸುತ್ತಾಳೆ. ಒಬ್ಬಳು ಎದ್ದರೆ ಇನ್ನೊಬ್ಬಳು. ಸುಗುಣ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ಅಂಥವರ ಕಾಲು ತಾಗಿದರೆ ಉಳುಕು ಬಿಡುತ್ತದೆ ಎಂದು ಇಲ್ಲಿ ಎಲ್ಲರಿಗೂ ಗೊತ್ತು, ನಂಬದವರಿಗೂ ಗೊತ್ತು. ಬಾರ್ಕೂರಿನ ಮನೆಯಲ್ಲಿ ರಾಜೀವನ ಅಜ್ಜಯ್ಯನಿಗೆ ಸೊಂಟ ಹಿಡಿದಾಗ ಮೀನಿನ ಬುಟ್ಟಿ ಹೊತ್ತು ಬರುವ ಒಬ್ಬಳನ್ನು ಕರೆಸುತ್ತಿದ್ದರು. ಊರೆಲ್ಲ ಯಾರ ಕಾಲು ಮುಟ್ಟುತ್ತಿತ್ತೋ ಆ ಅಜ್ಜಯ್ಯ ಜಗಲಿಯ ಮೇಲೆ ಬೋರಲು ಮಲಗಿ ಕಣ್ಣು ಮುಚ್ಚುತ್ತಿದ್ದರು. ಅವಳು ಬುಟ್ಟಿ ಇಳಿಸಿ, ಕಾಲು ತೊಳೆದು, ಬಾಯಿಗೆ ಸೆರಗು ಹಿಡಿದು ನಗು ತಡೆಯುತ್ತ ಮೆಟ್ಟಿಲು ಹತ್ತುತ್ತಿದ್ದಳು. ಕೆಲಸ ಮುಗಿದ ಮೇಲೆ ಅಜ್ಜಯ್ಯ ಯಾರ ಮುಖವನ್ನೂ ನೋಡದೆ ಬಚ್ಚಲಿಗೆ ನಡೆಯುತ್ತಿದ್ದರು. ಆ ಬಿಸಿನೀರಿನ ಸ್ನಾನ ಸೊಂಟಕ್ಕೋ ಆ ಕಾಲಿಗೋ ಎಂದು ಯಾರೂ ಕೇಳುತ್ತಿರಲಿಲ್ಲ. ಸುಗುಣ ಪ್ರತಿಯೊಬ್ಬಳಿಗೂ ಏನೋ ಒಂದು ಮಾತು ಕೇಳುವುದು ಕಿಟಕಿಗೆ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಮಲಗಿದವಳು ಕೈ ಹಿಂದೆ ತಂದು ಬೆರಳಿನಿಂದ ತೋರಿಸುವ ತನಕ ಅವಳು ಕಾಲು ಇಡುವುದಿಲ್ಲ. ಕಳೆದ ಹನ್ನೆರಡು ದಿನಗಳಿಂದ ರಾಜೀವನ ಬೆನ್ನು ಆ ಕಾಲನ್ನು ನಾಚಿಕೆಯಿಲ್ಲದೆ ಬೇಡುತ್ತಿತ್ತು. ಬೆನ್ನಿಗೆ ಜಾತಿ ಗೊತ್ತಿರಲಿಲ್ಲ, ಹುದ್ದೆಯೂ ಗೊತ್ತಿರಲಿಲ್ಲ. ಅವೆರಡೂ ಅವನಿಗೆ ಗೊತ್ತಿದ್ದವು.

ಆದರೂ ಇವತ್ತು ಅವನ ಕಾಲು ಅವನನ್ನು ಕೊಟ್ಟಿಗೆಯ ಹಿಂದಕ್ಕೆ ನಡೆಸಿಕೊಂಡು ಹೋಯಿತು. "ಹ್ವಾಯ್, ಹೆಗ್ಡೇರ್ ಬಂದ್ರ್" ಎಂದು ಯಾರೋ ಪಿಸುಗುಟ್ಟಿದರು. ಮಲಗಿದ್ದವಳು ಎದ್ದು ಸೀರೆ ಕೊಡವಿಕೊಂಡಳು. ಸುಗುಣ ಕಾಲನ್ನು ನೆಲಕ್ಕೆ ಇಟ್ಟಳು, ಅವಸರವಿಲ್ಲದೆ.

"ಎಂತ ಹೆಗ್ಡೇರೆ, ಊಟ ಆಯ್ತಾ?" ಎಂದಳು ರತ್ನ. "ಬಂಗ್ಡಿ ಸಾರ್ ಇತ್ತ್, ಹಾಕ್ಲಾ?"

"ಆಯ್ತ್. ಬಾಯ್ಲರ್ ಕಾಂಬುಕೆ ಬಂದದ್."

"ಬಾಯ್ಲರ್ ಆ ಬದಿಯಂಗಿತ್ತ್."

ನಗು ಸಾಲಿನ ಈ ತುದಿಯಿಂದ ಆ ತುದಿಗೆ ಹೋಯಿತು. ಸುಗುಣ ನಗಲಿಲ್ಲ. ಅವಳು ಅವನ ಮುಖ ಬಿಟ್ಟು ಕಾಲು ನೋಡುತ್ತಿದ್ದಳು. "ಎಡ್ಗಾಲ್ ಮೇಲೆ ಭಾರ ಹಾಕಿ ನಿಂತದ್ ಎಂತಕೆ?"

"ಚಪ್ಪಲಿ ಕಚ್ತಿತ್ತ್."

"ಚಪ್ಪಲಿ ಕಚ್ಚಿರೆ ಸೊಂಟ ವಾಲ್ತಾ?"

ಈಗ ಹೇಳಬಹುದಿತ್ತು. ಗೋಣಿ ಹಾಸಿಯೇ ಇತ್ತು. ಸುಗುಣ ಮಾತಾಡುತ್ತಲೇ ಬಿಚ್ಚಿಹೋದ ಕೂದಲನ್ನು ಎಡಗೈಯಲ್ಲಿ ಒಟ್ಟು ಮಾಡಿ ರತ್ನಳ ಕಡೆ ಬೆನ್ನು ತಿರುಗಿಸಿದಳು, ರತ್ನ ಅದನ್ನು ಗಂಟು ಹಾಕಿದಳು. ದಿನಾ ಮಾಡುವ ಕೆಲಸದ ಹಾಗೆ. ತನ್ನ ಕೂದಲಿಗೆ ತನ್ನ ಬಲಗೈ ಎಟುಕದವಳು. ಊರಿನ ಬೆನ್ನಿಗೆಲ್ಲ ಕಾಲು ಕೊಡುವ ಇವಳ ಹೆಗಲಿಗೆ ಇವಳ ಕಾಲು ಮುಟ್ಟುವ ಹಾಗಿಲ್ಲ. ರಾಜೀವನಿಗೆ ಬಾಯಿಗೆ ಬಂದದ್ದು ಬೇರೆ ಮಾತು: "ಮೂರ್ ಗಂಟಿಗೆ ಧಣಿಗಳ ಮಗಳ್ ಬತ್ರ್. ಎಷ್ಟ್ ನೋವ್ ಅಂದ್ಹೇಳಿ ಕೇಂಬ್ರ್, ನಿಮ್ಮತ್ರ."

"ಎಷ್ಟ್ ಹೇಳ್ಕ್?" ಎಂದಳು ಸುಗುಣ. ಕುಹಕವಿಲ್ಲದೆ, ಅಂಗಡಿಗೆ ಹೋಗುವವರು ಮನೆಯವರನ್ನು ಕೇಳುವ ಹಾಗೆ. "ಒಂದಾ, ಎರಡಾ?"

"ಇದ್ದಷ್ಟ್ ಹೇಳಿ."

"ಇದ್ದಷ್ಟ್ ಒಂದ್ಸಲ ಹೇಳಿದ್ದೆ."

ಅವನು ಬಾಯ್ಲರನ್ನು ಮುಟ್ಟಿ, ಬಿಸಿಯಾಗಿದೆ ಎಂದು ಖಚಿತ ಮಾಡಿಕೊಂಡು ಕಚೇರಿಗೆ ಮರಳಿದ.

ಸ್ನೇಹಲತಾಳ ಕಾರು ಮೂರು ಹತ್ತಕ್ಕೆ ಬಂತು. ಅವಳು ಬೆಳೆದದ್ದು ಘಾಟ್‌ಕೋಪರಿನಲ್ಲಿ, ಆದರೆ ಅಮ್ಮನಿಂದ ಕಲಿತ ಕುಂದಾಪ್ರ ಕನ್ನಡವನ್ನು ಊರಿನವರಿಗಿಂತ ಹಟದಿಂದ ಆಡುತ್ತಿದ್ದಳು. ಚಹಾ ಬೇಡವೆಂದು ವರದಿಯನ್ನು ಪುಟ ಬಿಡದೆ ಓದಿದಳು. ಮುಖಪುಟದ ಎತ್ತಿದ ಕೈಗಳನ್ನು ನೋಡಿ ಮುಗುಳ್ನಕ್ಕಳು. "ಚಂದ ಆಯ್ತ್ ರಾಜೀವಣ್ಣ. ಇಷ್ಟ್ ಅಂದ್ಹೇಳಿ ನಾನ್ ಎಣ್ಸಲಿಲ್ಲೆ. ಮತ್ಲಬ್, ಒಂದ್ ಹಾಕಿರೆ ಮೂರ್ ವಾಪಸ್ ಬತ್ತ್. ಪಪ್ಪಂಗೆ ತೋರ್ಸ್ಕ್." ಅವಳ ಬೆರಳು ನಿಯಮದ ಸಾಲಿನ ಮೇಲೆ ನಿಂತಿತು. "ಇದ್ ಕಾಣಿ, ಆರಕ್ಕಿಂತ ಮೇಲೆ ಹಗುರ ಕೆಲ್ಸ. ಇದೇ ಮೇನ್. ಬೈಂದೂರಿಗೂ ಬ್ರಹ್ಮಾವರಕ್ಕೂ ಒಂದ್ನೇ ತಾರೀಕಿಂದ ಇದನ್ನೇ ಹಾಕುವ. ನೀವೇ ಕಾಣ್ಕ್ ಮೂರನ್ನೂ." ರಾಜೀವ ತಲೆಯಾಡಿಸಿದ. ಬೈಂದೂರಿನ ಫ್ಯಾಕ್ಟರಿಯನ್ನು ಅವನು ಎರಡು ಸಲ ನೋಡಿದ್ದ. ಅಲ್ಲಿನ ಒಬ್ಬಳ ಹೆಸರೂ ಗೊತ್ತಿಲ್ಲ. ಗೊತ್ತಿಲ್ಲದ ಯಾರೋ ಒಬ್ಬಳು ಒಂದನೇ ತಾರೀಕು ಪಟದ ಎದುರು ಕೂತು ನಂಬಿಕೆಯಿಂದ ಎಂಟು ಎನ್ನುತ್ತಾಳೆ. ಸ್ನೇಹಲತಾ ನಾಲ್ಕನೆಯ ಪುಟಕ್ಕೆ ಬಂದಳು. "ಹೋದ್ ತಿಂಗ್ಳ್ ನೋವಿನ್ ರಜೆ ನಾಲ್ಕೇ. ಬೇರೆ ರಜೆ ಜಾಸ್ತಿ ಇತ್ತಲೆ. ಎಂತದ್?"

"ಮದಿ" ಎಂದ ರಾಜೀವ. ಬಾಯಿ ತಾನಾಗಿ ಅಂದದ್ದು. ಕಂಪ್ಯೂಟರಿನ ಹಿಂದೆ ಅಜಿತನ ಬೆರಳುಗಳು ನಿಂತದ್ದು ಕೇಳಿಸಿತು.

"ಹೌದಾ. ಸೀಸನ್ ಅಲ್ದಾ" ಎಂದು ಅವಳು ಪುಟ ಮಗುಚಿದಳು.

ಬೆರಳುಗಳು ಮತ್ತೆ ಶುರುವಾದವು. ಧಣಿಗಳಾಗಿದ್ದರೆ ಪುಟ ಮಗುಚುತ್ತಿರಲಿಲ್ಲ. ಕನ್ನಡಕ ತೆಗೆದು ಅವನನ್ನು ನೋಡುತ್ತಿದ್ದರು. ತಾನು ಬೆಳಿಗ್ಗೆಯಿಂದ ಕಾಯುತ್ತಿದ್ದದ್ದು ಸಿಕ್ಕಿಬೀಳುವುದಕ್ಕೆ ಎಂದು ಅವನಿಗೆ ಆಗ ಗೊತ್ತಾಯಿತು. ಅದೂ ಆಗಲಿಲ್ಲ. ಹಿಡಿಯುವವರು ಇಲ್ಲದ ಕಡೆ ಓಡಿದವನ ದಣಿವು ಅವನ ಸೊಂಟಕ್ಕೆ ಇಳಿಯಿತು. "ಒಬ್ರ ಹತ್ರ ಆದ್ರೂ ಮಾತಾಡ್ಕ್ ನಂಗೆ. ಕೋಣೆ ಕಾಂಬ ಬನ್ನಿ" ಎಂದು ಸ್ನೇಹಲತಾ ಎದ್ದಳು. ಮೇಜು ಹಿಡಿದು ಅವನೂ ಎದ್ದ.

ಆರಾಮ ಕೋಣೆಯಲ್ಲಿ ದಿವ್ಯಾ ನಿಂತಿದ್ದಳು. ಸ್ಟೂಲಿನ ಮೇಲೆ ಸುಗುಣ ಕೂತಿದ್ದಳು. ತೊಂಬತ್ತು ಜನರಲ್ಲಿ ದಿವ್ಯಾ ಯಾಕೆ ಇವಳನ್ನೇ ಕರೆಸಿದಳು ಎಂದು ರಾಜೀವ ಅವಳ ಮುಖ ನೋಡಿದ. ದಿವ್ಯಾ ಅವನ ಕಣ್ಣು ತಪ್ಪಿಸಿ, ಗೋಡೆಯಿಂದ ಪಟವನ್ನು ಬಿಚ್ಚಿ, "ಮೇಡಂ ಅವರಿಗೆ ತೋರಿಸಿ ಸರ್" ಎಂದು ಅವನ ಕೈಗೆ ಕೊಟ್ಟಳು. ಕೈ ಬೆವರಿತ್ತು. ಪಟ ಜಾರಿ ನೆಲಕ್ಕೆ ಬಿತ್ತು. ಧಣಿಗಳ ಮಗಳ ಎದುರು ಕಾಲಿನಿಂದ ಎಳೆದುಕೊಳ್ಳುವ ಹಾಗಿರಲಿಲ್ಲ, ಶಾಯಿ ಮುಗಿದಿದೆ ಎನ್ನುವ ಹಾಗೂ ಇರಲಿಲ್ಲ. ಅವನು ಬಗ್ಗಿದ. ಕ್ರಮ ಮರೆತು, ಎಲ್ಲರೂ ಬಗ್ಗುವ ಹಾಗೆ ಬಗ್ಗಿದ. ಅಗುಳಿ ಬಿತ್ತು. ಮುಂದಿನದ್ದು ಅವನಿಗೆ ಸರಿಯಾಗಿ ತಿಳಿಯಲಿಲ್ಲ. ಮೊದಲು ನಾಲ್ಕು ಕಾಲಿನ ಮೇಲೆ ಇದ್ದ, ಆಮೇಲೆ ಅಂಗೈ ಜಾರಿ ಬೋರಲು ಮಲಗಿದ್ದ. ಕೆನ್ನೆ ತಣ್ಣಗಿನ ಸಿಮೆಂಟಿಗೆ ತಾಗಿತ್ತು. ಮೂಗಿನ ನೇರಕ್ಕೆ ಪಟದ ಮುಖಗಳು ಅಡ್ಡವಾಗಿ ಅವನನ್ನು ನೋಡುತ್ತಿದ್ದವು. ದಿವ್ಯಾ ಪಕ್ಕದಲ್ಲಿ ಮೊಣಕಾಲೂರಿ, "ಅಲುಗಾಡ್ಬೇಡಿ ಸರ್" ಎಂದಳು. ಆರು ತಿಂಗಳ ಅಭ್ಯಾಸದಲ್ಲಿ ಮುಂದಿನ ಮಾತೂ ಬಂತು. "ಎಷ್ಟು?"

"ಎರಡು" ಎಂದ ರಾಜೀವ.

ಸ್ಟೂಲಿನ ಕಡೆಯಿಂದ ಸುಗುಣಳ ದನಿ ಬಂತು. "ಎರಡಾರೆ ಏಳಿ ಕಾಂಬ."

ಅವನು ಏಳಲು ನೋಡಿದ. ತಲೆ ಒಂದು ಬೆರಳಿನಷ್ಟು ಮೇಲೆ ಬಂತು, ಮತ್ತೆ ನೆಲಕ್ಕೆ ಹೋಯಿತು. ಹೊರಗೆ ಕಟ್ಟಿಂಗಿನ ಸಾಲಿನಿಂದ ಟಕ್ ಟಕ್ ಸದ್ದು ಬರುತ್ತಿತ್ತು, ಒಂದು ಕೈ ಕಡಿಮೆ.

"ಒಂಬತ್ತ್" ಎಂದ ಅವನು, ನೆಲಕ್ಕೆ. ಒಮ್ಮೆ ಅಂದ ಮೇಲೆ ಉಳಿದದ್ದು ಸುಲಭವಾಯಿತು. ಮುಖಗಳು ಕಾಣದಿದ್ದದ್ದೂ ಅನುಕೂಲವಾಯಿತು. "ಅವ್ರದ್ದೂ ಹೀಂಗೇ. ಎರಡ್ ಅಂದದ್ದೆಲ್ಲ ಹೀಂಗೇ. ಜಾಸ್ತಿ ಹೇಳಿರೆ ನಾನ್ ಗ್ರೇಡಿಂಗಿಗೆ ಹಾಕ್ತೆ, ಕೂಲಿ ಕಮ್ಮಿ ಆತ್ತ್. ಸ್ನೇಹಾ, ಆಸಾಡಿಯಂಗೆ ಮದಿ ಆತಿಲ್ಲೆ. ಊರಂಗೆ ಯಾರೂ ಮಾಡ್ತಿಲ್ಲೆ. ನಾನ್ ಹನ್ನೊಂದ್ ಮದಿಗೆ ರಜೆ ಕೊಟ್ಟಿದ್ದೆ."

ಅವನಿಗೆ ಕಾಣುತ್ತಿದ್ದದ್ದು ಸ್ನೇಹಲತಾಳ ಬಿಳಿ ಬೂಟು ಮಾತ್ರ. ಅದು ಅಲುಗಲಿಲ್ಲ. ಮೇಲಿನಿಂದ, "ಹಾಂಗಾರೆ ಆ ಹನ್ನೊಂದ್ ಜನ ಎಲ್ಲಿಗ್ ಹೋದದ್?" ಎಂಬ ಮಾತು ಬಂತು.

"ಎಲ್ಲಿಗೂ ಇಲ್ಲೆ" ಎಂದಳು ಸುಗುಣ. "ಮನ್ಯಂಗೆ ಮಲ್ಗಿದ್ದ್."

"ಸುಗುಣಕ್ಕ, ನಿಮ್ದ್ ಎಷ್ಟ್? ಸಮ ಹೇಳಿ."

ಸುಗುಣ ಎದ್ದಳು. ಸ್ಟೂಲು ಸರಿದ ಸದ್ದು, ಬಾಟಲಿಯಿಂದ ಕಾಲಿಗೆ ನೀರು ಸುರಿದ ಸದ್ದು. "ಮೆಟ್ಬೇಡಿ ಸುಗುಣಕ್ಕ, ಹಾಗೆಲ್ಲ ಮಾಡ್ಬಾರ್ದು" ಎಂದಳು ದಿವ್ಯಾ. "ಮೆಟ್ಟುದಿಲ್ಲೆ ಹೆಣೆ, ಮುಟ್ಟುದ್ ಅಷ್ಟೆ." ಎಡಗೈ ಮಂಚದ ಅಂಚು ಹಿಡಿದದ್ದು ಅವನಿಗೆ ಕಂಡಿತು; ಬಲಗೈ ಹೊಟ್ಟೆಯ ಹತ್ತಿರ ಮಡಿಸಿಯೇ ಇತ್ತು. ಎರಡು ತಿಂಗಳು ಕಿಟಕಿಯಿಂದ ನೋಡಿಯೂ ಕೇಳಿಸದ ಮಾತು ಈಗ ನೆತ್ತಿಯ ಮೇಲೆ ಕೇಳಿಸಿತು.

"ಎಲ್ಲಿ?"

"ಸೊಂಟ."

"ಸೊಂಟ ದೊಡ್ಡದಿತ್ತ್ ಹೆಗ್ಡೇರೆ. ಸಮ ಜಾಗ ಹೇಳ್ಕ್."

ಅವನು ಕೈಯನ್ನು ಹಿಂದೆ ತಂದ. ಅಂಗಿ ಪ್ಯಾಂಟಿನಿಂದ ಹೊರಗೆ ಬಂತು, ಬರಲಿ. ಬೆರಳಿನಿಂದ ಹುಡುಕಿ, ತಪ್ಪಿ, ಮತ್ತೆ ಹುಡುಕಿ ಜಾಗ ತೋರಿಸಿದ. ಕಾಲು ಬಂದು ಕೂತಿತು. ಒದ್ದೆ, ತಣ್ಣಗಿನ ಕಾಲು. ಹಿಮ್ಮಡಿಯ ಬಿರುಕು ಬಟ್ಟೆಯ ಮೇಲೂ ತಿಳಿಯುತ್ತಿತ್ತು. ಗೇರೆಣ್ಣೆಯ ಸುಟ್ಟ ವಾಸನೆ. ಅದು ಒತ್ತಲಿಲ್ಲ.

"ಇವ್ರ್ ಒಂಬತ್ತ್ ಅಂದ್ರ್" ಎಂದಳು ಸುಗುಣ, ಸ್ನೇಹಲತಾಳಿಗೆ. "ನಾಳೆಯಿಂದ ಇವ್ರನ್ನ ಎಲ್ಲಿ ಕೂರ್ಸ್ತ್ರಿ? ಅದ್ ಹೇಳಿ ಮೊದ್ಲ್. ಮತ್ತೆ ನಂದ್ ಹೇಳ್ತೆ."

ಬಿಳಿ ಬೂಟಿನ ತುದಿ ಬಾಗಿಲ ಕಡೆ ತಿರುಗಿತು. ಮತ್ತೆ ಈ ಕಡೆ ತಿರುಗಿತು. ಪಟದ ನಡುವಿನ ಮುಖಗಳು ಬಸ್ಸಿಗೆ ಕಾಯುತ್ತಲೇ ಇದ್ದವು. ಸ್ನೇಹಲತಾ ಬಾಯಿ ತೆರೆಯುವ ತನಕ ಈ ಕಾಲು ಒತ್ತುವುದೂ ಇಲ್ಲ, ಏಳುವುದೂ ಇಲ್ಲ ಎಂದು ರಾಜೀವನ ಬೆನ್ನಿಗೆ ತಿಳಿಯಿತು.